ಮಧುಕರ ದೋಣಿ ಹತ್ತಿದ ಭಾನುವಾರ

ಮನಿಷಾಳ ಮನೆಗೆ ಒಂದು ರಸ್ತೆ ಇದ್ದಿದ್ದರೆ ಮಧುಕರನಿಗೆ ಈ ಪಾಡು ಬರುತ್ತಿರಲಿಲ್ಲ. ಅವಳ ಮನೆ ಇದ್ದದ್ದು ಕಾಳಿ ನದಿಯ ನಡುವಿನ ಜೂಗದಲ್ಲಿ. ನಾಲ್ಕೂ ಕಡೆ ನೀರಿರುವ ನಡುಗಡ್ಡೆಗೆ ಕಾರವಾರದ ಕಡೆ ಜೂಗ ಎನ್ನುತ್ತಾರೆ. ದಡದಲ್ಲಿ ದೋಣಿ ನಿಲ್ಲುವ ಹಣಕೋಣದ ಧಕ್ಕೆಯಿಂದ ದೋಣಿಯಲ್ಲಿ ಕಾಲು ಗಂಟೆಯ ದಾರಿ. ಮಧುಕರನೋ, ಅಂಕೋಲೆಯ ಹಿಲ್ಲೂರಿನ ಕಾಡಿನಿಂದ ಬಂದವನು. ತಂಬಿಗೆಗಿಂತ ದೊಡ್ಡ ಪಾತ್ರೆಯಲ್ಲಿರುವ ನೀರನ್ನು ಯಾವತ್ತೂ ನಂಬಿದವನಲ್ಲ. ಮೂವತ್ತಾರು ವರ್ಷವಾದರೂ ತಲೆಗೆ ನೀರು ಹೊಯ್ದುಕೊಳ್ಳುವಾಗ ಒಂದು ಕೈಯಲ್ಲಿ ಗೋಡೆ ಹಿಡಿದಿರುತ್ತಿದ್ದ.

ಕಾರವಾರದ ಒಂದು ಕಚೇರಿಯಲ್ಲಿ ಅವನು ಗುಮಾಸ್ತ. ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಮನಿಷಾ ಕೆಲಸಕ್ಕಿದ್ದಳು. ಅವಳನ್ನು ಮಾತಾಡಿಸಲು ನೆಪ ಬೇಕೆಂದು ತನ್ನ ಆಧಾರ್ ಕಾರ್ಡಿನ ಪ್ರತಿ ತೆಗೆಸುತ್ತಾ ಹೋದವನ ಬಳಿ ಮೂರು ವರ್ಷದಲ್ಲಿ ಒಂದು ಟ್ರಂಕು ತುಂಬ ಮಧುಕರರು ಸೇರಿದ್ದರು. ಇಬ್ಬರಿಗೂ ಮನಸ್ಸಾಗಿತ್ತು. ಆದರೆ ಭಾನುವಾರ ಅಂಗಡಿಗೆ ರಜೆ. ಅವಳಿಲ್ಲದ ಆ ಒಂದು ದಿನ ಅವನಿಗೆ ಮುಗಿಯುತ್ತಲೇ ಇರಲಿಲ್ಲ. ಬಸ್ಸು ಹತ್ತಿ ಹಣಕೋಣಕ್ಕೆ ಹೋಗಿ, ನೀರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು, ತೆಂಗಿನ ಮರಗಳ ನಡುವೆ ಕಾಣುವ ಹೆಂಚಿನ ಮಾಡನ್ನು ನೋಡುತ್ತಿದ್ದ. ಅಂಗಳದಲ್ಲಿ ಯಾರಾದರೂ ಬಟ್ಟೆ ಹರವಿದರೆ ಅದು ಅವಳೇ ಎಂದುಕೊಂಡು ವಾಪಸಾಗುತ್ತಿದ್ದ.

ಆ ಶನಿವಾರ ಮನಿಷಾ ಹೇಳಿದಳು: "ಅಪ್ಪ ಒಪ್ಪಿದ್ರು. ಸೋಮವಾರ ಪೇಟೆಗೆ ಬಂದು ನಿಮ್ಮ ಹತ್ರ ಮಾತಾಡ್ತಾರೆ. ಅಲ್ಲೀವರೆಗೆ ಸುಮ್ನಿರಿ. ಜೂಗಕ್ಕೆ ಮಾತ್ರ ಬರೂದು ಬೇಡ. ಎಂತಕ್ಕೆ ಅಂತ ಆಮೇಲೆ ಹೇಳ್ತೆ."

ಸುಮ್ಮನಿರುವುದು ಮಧುಕರನಿಗೆ ಕಷ್ಟದ ಕೆಲಸವೇನಲ್ಲ. ಆದರೆ ಖುಷಿ ತಡೆಯಲಾಗದೆ ಭಾನುವಾರ ಬೆಳಿಗ್ಗೆ ಬಾಡಿಗೆ ಮನೆಯ ಒಡತಿ ಕಲಾವತಿ ಬಾಯಿಗೆ ಸುದ್ದಿ ಹೇಳಿಬಿಟ್ಟ.

"ಹೆಣ್ಣಿನ ಅಪ್ಪನೇ ಗಂಡು ಹುಡ್ಕಂಡು ಬರೂದಾ?" ಕಲಾವತಿ ಬಾಯಿ ಕಾಯಿ ತುರಿಯುವುದನ್ನು ನಿಲ್ಲಿಸಿದರು. "ಹೆಣ್ಣು ಬಾಯಲ್ಲಿ ಬೇಡ ಅಂತದೆ ತಮಾ, ಮನಸ್ಸಲ್ಲಿ ಬರ್ಲಿ ಅಂತ್ಲೇ ಇರ್ತದೆ. ಹೊಳೆ ದಾಟೂಕಾಗದ ಗಂಡು ಅಂದ್ರೆ ಆ ಹುಡ್ಗಿಗೆ ಜೂಗದಲ್ಲಿ ತಲೆ ಎತ್ತೂಕೆ ಆಗ್ತದ್ಯಾ?"

ಈ ಮಾತು ಮಧುಕರನ ಎದೆಗೆ ನಾಟಿತು. ಅಷ್ಟರಲ್ಲಿ ಪಕ್ಕದ ಮನೆಯ ದತ್ತಾ ಬಂದ. ಊರಿನ ಯಾವ ತಾಪತ್ರಯವೂ ಅವನ ಸಲಹೆ ಇಲ್ಲದೆ ಮುಗಿಯುವಂತಿಲ್ಲ.

"ಹೆದರಿಕೆ ಬಿಡಿಸೂಕೆ ಐದು ನಿಮಿಷ ಸಾಕು ಮಾರಾಯಾ. ಮುಖ ಮುಳುಗ್ಸು, ಉಸಿರು ಹಿಡ್ಕೊ" ಎನ್ನುತ್ತಾ ಮಧುಕರನ ತಲೆಯನ್ನು ಅಂಗಳದಲ್ಲಿದ್ದ ಟಬ್ಬಿಗೆ ಒತ್ತಿದ. ಅದು ಕಲಾವತಿ ಬಾಯಿ ಬಟ್ಟೆ ನೆನೆಸಿಟ್ಟ ಸೋಪಿನ ನೀರು. ಮಧುಕರ ಮೇಲೆದ್ದಾಗ ಕಣ್ಣು ದಾಸವಾಳದ ಹಾಗಿತ್ತು. ದತ್ತಾ ಸೋಲೊಪ್ಪದೆ ಲಾರಿಯ ಹಳೆಯ ಟ್ಯೂಬೊಂದಕ್ಕೆ ಗಾಳಿ ತುಂಬಿಸಿ ತಂದು ಅವನ ಹೆಗಲಿಗೆ ಹಾಕಿದ. "ದೋಣಿಲಿ ಇದನ್ನ ಸೊಂಟಕ್ಕೆ ಏರ್ಸಿಕೊ. ಮುಳುಗ್ತೆ ಅಂದ್ರೂ ಇದು ಬಿಡೂದಿಲ್ಲ."

ಇಸ್ತ್ರಿ ಅಂಗಿ, ಕೆಂಪು ಕಣ್ಣು, ಹೆಗಲಲ್ಲಿ ಟ್ಯೂಬು. ಬಸ್ಸಿನವರಿಗೆಲ್ಲ ಕನಿಕರ ಬಂತು.

"ಗಾಡಿ ಎಲ್ಲಿ ನಿಂತದೆ?" ಎಂದ ಕಂಡಕ್ಟರ್.

"ಗಾಡಿ ಇಲ್ಲ."

"ಪಾಪ, ಗಾಡಿನೇ ಹೋಯ್ತಂತೆ" ಎಂದಳು ಮೀನಿನ ಬುಟ್ಟಿಯ ಹೆಂಗಸು. ಮಧುಕರ ಬೇಡ ಬೇಡವೆಂದರೂ ಕೇಳದೆ, ಹಣಕೋಣಕ್ಕೆ ಮೂರು ಕಿಲೋಮೀಟರ್ ಇರುವಾಗಲೇ ಒಂದು ಪಂಕ್ಚರ್ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ, ನಾಲ್ಕು ಜನ ಸೇರಿ ಅವನನ್ನು ಇಳಿಸಿದರು. ಅಂಗಡಿಯವನು ಟ್ಯೂಬನ್ನು ತಟ್ಟಿ ನೋಡಿ ಎಲ್ಲ ಸರಿ ಇದೆ ಎಂದ. ಅಲ್ಲಿಂದ ಮುಂದೆ ಬಿಸಿಲಿನಲ್ಲಿ ನಡಿಗೆ.

ಧಕ್ಕೆಗೆ ಬಂದಾಗ ದೋಣಿಯ ಗಂಗಿ ಹುಟ್ಟು ಹಿಡಿದು ಕೂತಿದ್ದಳು. ಕೋಳಿಬುಟ್ಟಿಯೂ ಗ್ಯಾಸ್ ಸಿಲಿಂಡರೂ ಆಗಲೇ ಏರಿದ್ದವು.

"ನೀರು ಇಳಿಯೂಕೆ ಶುರುವಾಯ್ತು. ಈಗ ಹತ್ತಿದ್ರೆ ಹತ್ತು, ಇಲ್ದಿದ್ರೆ ಇವತ್ತಿಗೆ ಬಿಡು" ಎಂದಳು.

ಮಧುಕರ ಒಂದು ಹೆಜ್ಜೆ ಹಿಂದೆ ಸರಿದ. ಈಗಲೂ ತಿರುಗಿ ಹೋಗಬಹುದು, ಯಾರೂ ಕೇಳುವುದಿಲ್ಲ. ಆಚೆ ದಡದ ಹೆಂಚಿನ ಮಾಡು ಮಾತ್ರ ಯಾವತ್ತಿನಂತೆ ಕಾಣುತ್ತಿತ್ತು. ಟ್ಯೂಬಿನೊಳಗೆ ತೂರಿಕೊಂಡು, ಕಣ್ಣು ಮುಚ್ಚಿ ಹತ್ತಿಬಿಟ್ಟ.

ನಡುಹೊಳೆಯಲ್ಲಿ ಕೋಳಿಯೊಂದು ಕೈ ಕುಕ್ಕಿದ್ದರಿಂದ ಕಣ್ಣು ಬಿಡಬೇಕಾಯಿತು. ಎಲ್ಲಿ ನೋಡಿದರೂ ನೀರು. ಅವಳು ದಿನವೂ ಇಷ್ಟನ್ನು ದಾಟಿ ತನ್ನ ಕಡೆಗೆ ಬರುತ್ತಿದ್ದಳು, ತಾನು ಒಂದು ಸಲವೂ ಅವಳ ಕಡೆಗೆ ಬರಲಿಲ್ಲವಲ್ಲ ಎಂದು ಅವನಿಗೆ ಅಳು ಬಂತು. ಹೆದರಿಕೆ ಹೋಗಲಿಲ್ಲ. ಆದರೆ ಅವಳನ್ನು ನೋಡುವ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

ಮನಿಷಾಳ ಅಪ್ಪ ಬಾಬು ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದವರು ತಲೆಯೆತ್ತಿದರು. ಸೊಂಟದಲ್ಲಿ ಟ್ಯೂಬು ಸಿಕ್ಕಿಕೊಂಡ ಮನುಷ್ಯ ಕೈಮುಗಿದು, "ನಾನು ಮಧುಕರ" ಎಂದ.

"ಝೆರಾಕ್ಸ್ ಅಂಗಡಿಗೆ ಬರೂ ಮಧುಕರನಾ? ದೋಣಿಲೇ ಬಂದ್ಯಾ? ನೀರಂದ್ರೆ ಹೆದರಿಕೆ ಅಂತಿದ್ಳಲ್ಲ ಮನಿಷಾ?"

ಒಳಗಿನಿಂದ ಮನಿಷಾ ಓಡಿಬಂದು ಬಾಗಿಲಲ್ಲಿ ನಿಂತಳು. ಅವಳು ಬೇಡ ಬೇಡವೆಂದು ತಲೆಯಾಡಿಸುತ್ತಿದ್ದುದು ಮಧುಕರನಿಗೆ ನಾಚಿಕೆಯಂತೆ ಕಂಡಿತು. ಎದೆಯುಬ್ಬಿಸಿ, "ಬಿಟ್ಟುಹೋಯ್ತು ಮಾಮಾ, ಪೂರ್ತಿ ಬಿಟ್ಟುಹೋಯ್ತು" ಎಂದ.

ಬಾಬು ಎದ್ದು ಬಂದು ಅವನನ್ನು ಟ್ಯೂಬು ಸಮೇತ ಅಪ್ಪಿಕೊಂಡರು. "ಇವಳು ನಂಗೆ ಒಬ್ಳೇ ಮಗಳು. ಅಳಿಯ ಈ ಮನೆಲ್ಲೇ ಇರ್ಬೇಕು ಅಂತ ನಾ ಹಟ ಹಿಡ್ದಿದ್ದೆ. ಅಂವ ನೀರು ಕಂಡ್ರೆ ಸಾಯ್ತಾನೆ ಅಂತ ಇವಳು ಅತ್ತು ಅತ್ತು, ಕಾರವಾರದಲ್ಲೇ ಸಂಸಾರ ಮಾಡ್ತೆ ಅಂದ್ಳು. ಅವ್ನ ಜೀವ ತೆಗೆಯೂದು ಬೇಡ ಅಂತ ಮೊನ್ನೆ ಒಪ್ಪಿದ್ದೆ. ಇನ್ನು ಆ ಮಾತೇ ಬೇಡ. ನಾಳೆನೇ ಕೋಣೆಗೆ ಸುಣ್ಣ ಹೊಡಿಸ್ತೆ. ಮದುವೆ ಆದ್ಮೇಲೆ ಇಬ್ರೂ ಇಲ್ಲಿಂದ್ಲೇ ದೋಣಿಲಿ ಕೆಲ್ಸಕ್ಕೆ ಹೋಗಿ ಬನ್ನಿ."

"ಇಲ್ಲ ಮಾಮಾ, ಸುಳ್ಳು ಹೇಳ್ದೆ. ಹೆದರಿಕೆ ಅದೆ, ಈಗ್ಲೂ ಅದೆ" ಎಂದ ಮಧುಕರ.

"ಹೆದರೂ ಮನ್ಶಾ ಹೊಳೆ ದಾಟ್ತಾನಾ?" ಬಾಬು ನಗುತ್ತಾ ಗಂಗಿಗೆ ಹೇಳಿಬರಲು ಹೊಳೆಯ ಕಡೆ ಹೊರಟೇಬಿಟ್ಟರು.

ಮನಿಷಾ ಮೆಟ್ಟಿಲ ಮೇಲೆ ಕೂತಳು.

"ಬಾಗ್ಲು ತೆಗ್ದ್ರೆ ರಸ್ತೆ ಕಾಣೂ ಮನೆ ಬೇಕಂತ ಎಷ್ಟು ಆಸೆ ಇತ್ತು ಗೊತ್ತಾ ನಂಗೆ" ಎಂದಳು. "ದಿನಾ ಎರಡು ಸಲ ಆ ದೋಣಿಲಿ ಕಣ್ಣು ಮುಚ್ಕೊಂಡೇ ಕೂತ್ಕೊಳ್ತೆ. ಜೂಗದಲ್ಲಿ ಹುಟ್ಟಿದವಳಿಗೆ ನೀರಂದ್ರೆ ಹೆದರಿಕೆ ಅಂತ ಹೆಂಗೆ ಹೇಳೂದು? ಅದ್ಕೆ ಅಪ್ಪನ ಹತ್ರ ನಿಮ್ಮ ಹೆದರಿಕೆನೇ ಹೇಳ್ತಾ ಇದ್ದೆ."

ದಿನವೂ ದೋಣಿಯಲ್ಲಿ ಇಬ್ಬರಿಗೆ ಜಾಗ ಇಟ್ಟಿರಬೇಕೆಂದು ಬಾಬು ಗಂಗಿಗೆ ಹೇಳುತ್ತಿದ್ದದ್ದು ಅಂಗಳದವರೆಗೂ ಕೇಳಿಸುತ್ತಿತ್ತು.