ಗೋಡೌನಿಗಾಗಿ ಕೇಳಿದ ಐದು ಮೆಟಲ್ ಆಲ್ಬಮ್

ತಿಂಗಳಿಗೆ ಹತ್ತು ಸಾವಿರ ಬಾಡಿಗೆಯ ಗೋಡೌನು ಕೇಳಲು ನಾನು ಗುಬ್ಬಿಗೆ ಹೋಗಿದ್ದು. ಅಲ್ಲಿ ಕೇಳಿ ಬಂದಿದ್ದು ಹೆವಿ ಮೆಟಲ್. ಮೂವತ್ತು ವರ್ಷದಿಂದ ತುಮಕೂರಿನಲ್ಲಿ ಕೊಬ್ಬರಿ ಮಂಡಿ ನಡೆಸುವವನಿಗೆ ಇಂಥವು ಹೊಸದಲ್ಲ. ಒಂದು ಕೊಳ್ಳಲು ಹೋದರೆ ಇನ್ನೊಂದು ತಲೆಗೆ ಕಟ್ಟುವವರು ಇದ್ದೇ ಇರುತ್ತಾರೆ.

೧. ಷರತ್ತು

ಲಾರಿ ನೇರ ಬಾಗಿಲಿಗೆ ಬರುವ ಗೋಡೌನು, ನೆಲ ಒಣ. ಮಾಲು ಬರುವ ಕಾಲ ಹತ್ತಿರವಾಗಿತ್ತು. ಇದು ಕೈತಪ್ಪಿದರೆ ನನ್ನ ಮೂಟೆಗಳಿಗೆ ಬೇರೆ ಜಾಗವಿರಲಿಲ್ಲ. ಮಾಲೀಕರು ರಿಟೈರಾದ ಲೆಕ್ಕದ ಮೇಷ್ಟ್ರು.

"ಬಾಡಿಗೆ ಆಮೇಲೆ ಮಾತಾಡೋಣ ಸಾವ್ಕಾರ್ರೇ," ಅಂದರು. "ನನ್ ಹತ್ರ ಒಂದೇ ಬ್ಯಾಂಡಿನ ಐದು ರೆಕಾರ್ಡ್ ಇದಾವೆ. ದಿನಕ್ಕೊಂದು ಕೇಳಿ, ಯಾವುದ್ರಲ್ಲಿ ಯಾವ ವಾದ್ಯ ಮೇಲು ಅಂತ ಹೇಳಿ. ಈ ಊರಲ್ಲಿ ನನ್ ಜೊತೆ ಕೂತು ಕೇಳೋರು ಒಬ್ರೂ ಇಲ್ಲ."

"ನಂಗೆ ಸಂಗೀತ ಗೊತ್ತಿಲ್ಲ ಮೇಷ್ಟ್ರೇ."

"ಕೊಬ್ಬರಿ ಕಿವೀಲೇ ನೋಡ್ತೀರಲ್ಲ, ಅಷ್ಟು ಸಾಕು."

ಅದು ನಿಜ. ಕಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಒಣಗಿದೆಯೋ ಇಲ್ಲವೋ ಸದ್ದೇ ಹೇಳುತ್ತದೆ. ಗೋಡೌನು ಬಾಡಿಗೆಗೆ ಹಿಡಿಯಲು ಹೋದವನು ಮೊದಲು ನನ್ನ ಎರಡು ಕಿವಿ ಬಾಡಿಗೆಗೆ ಕೊಟ್ಟು ಬಂದೆ.

೨. ಗಿಟಾರು, ಡ್ರಮ್ಸು

ಮೊದಲ ಮಧ್ಯಾಹ್ನ. ಹಸಿರು ಪರದೆ ದಾಟಿ ಬಂದ ಬೆಳಕು ಕೆರೆಯ ನೀರಿನಂತೆ ಗೋಡೆಯ ಮೇಲೆ ಅಲ್ಲಾಡುತ್ತಿತ್ತು. ಗಲಾಟೆಯೇ ಅಂದುಕೊಂಡಿದ್ದೆ. ಅಷ್ಟರಲ್ಲಿ ಗಿಟಾರಿನ ಒಂದೇ ಸ್ವರ ಮೇಲೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಕಣ್ಣು ಮುಚ್ಚಿದೆ. ಅಮೃತೂರಿನ ತೋಟಗಳ ನಡುವೆ ನೆಲಕ್ಕೆ ಕಾಲು ತಾಗದೆ ಹೋಗುತ್ತಿದ್ದೆ, ಗರಿಗಳು ಬಿಸಿಲನ್ನು ಬಾಚುತ್ತಿದ್ದವು.

"ಏನನ್ಸ್ತು?" ಅಂದರು ಮೇಷ್ಟ್ರು.

ನಮ್ಮ ಕಸುಬಿನಲ್ಲಿ ಮಾಲು ಹಿಡಿಸಿದರೆ ಹೊಗಳುವಂತಿಲ್ಲ. ಹೊಗಳಿದರೆ ರೇಟು ಏರುತ್ತದೆ. ಅಭ್ಯಾಸದ ಬಾಯಿ, "ಗಿಟಾರು ಪರವಾಗಿಲ್ಲ. ಸೈಜು ಸಣ್ಣ," ಅಂದಿತು.

ಮಾರನೇ ದಿನ ಎರಡನೇ ಆಲ್ಬಮ್. ಅದರಲ್ಲಿ ಡ್ರಮ್ಸಿನದೇ ರಾಜ್ಯ. ಮಾರ್ಕೋನಹಳ್ಳಿ ಡ್ಯಾಮಿನ ನೀರು ಒಮ್ಮೆಗೇ ಧುಮುಕಿದಂತೆ. ಆ ನೀರ ಮೇಲೆ ನನ್ನ ಮೂಟೆಗಳೆಲ್ಲ ಹತ್ತಿಯಂತೆ ತೇಲುತ್ತಿದ್ದವು, ನಾನೂ ಒಂದರ ಮೇಲೆ ಮಲಗಿದ್ದೆ. ಕಣ್ಣು ಬಿಟ್ಟು, "ಡ್ರಮ್ಸು ಇನ್ನೂ ಹಸಿ. ಎರಡು ಬಿಸಿಲು ಕಾಣಬೇಕು," ಅಂದೆ.

ಆ ದಿನ ನನ್ನ ಕಾಫಿಗೆ ಮೇಷ್ಟ್ರು ಸಕ್ಕರೆ ಹಾಕಿಸಲಿಲ್ಲ.

೩. ಕಾಣದ ಬೇಸು

ಮೂರನೆಯದರಲ್ಲಿ ಬೇಸ್ ಗಿಟಾರ್ ಕೇಳಿ ಅಂದರು. ಮೊದಲು ಏನೂ ಸಿಗಲಿಲ್ಲ. ಆಮೇಲೆ ಹಾಡಿನ ಅಡಿಯಲ್ಲಿ ಯಾರೋ ಬರಿಗಾಲಲ್ಲಿ ಮೂಟೆಗಳ ಮೇಲೆ ಮೆಲ್ಲಗೆ ಓಡಾಡುತ್ತಿರುವುದು ತಿಳಿಯಿತು. ಒಮ್ಮೆ ತಿಳಿದ ಮೇಲೆ ಬೇರೇನೂ ಕೇಳಿಸಲೇ ಇಲ್ಲ.

"ಇದೆಯೋ ಇಲ್ಲವೋ ತೂಕಕ್ಕೆ ಹಾಕಿ ನೋಡಬೇಕು," ಅಂದೆ.

ಕಾಫಿಯೇ ಬರಲಿಲ್ಲ.

೪. ಕುಣಿಗಲ್ಲಿನ ಸವಾಲು

ನಾಲ್ಕನೇ ದಿನ ಹೋದರೆ ನನ್ನ ಕುರ್ಚಿಯಲ್ಲಿ ಕುಣಿಗಲ್ಲಿನ ಹುಣಸೆಹಣ್ಣಿನ ವ್ಯಾಪಾರಿ. ಅದೇ ಗೋಡೌನಿಗೆ ಹನ್ನೊಂದು ಸಾವಿರ ಕೊಡುತ್ತಾನಂತೆ. ಮೇಷ್ಟ್ರು ರೆಕಾರ್ಡಿನ ಧೂಳು ಒರೆಸುತ್ತಿದ್ದರು. ಇವನು ಆಗಲೇ ತಲೆದೂಗುತ್ತ, "ಅದ್ಭುತ ಸಾರ್. ಡ್ರಮ್ಸ್ ಅಂದ್ರೆ ಇದು," ಅಂದ.

"ಇನ್ನೂ ಹಾಕಿಲ್ಲ ಕಣ್ರೀ," ಅಂದರು ಮೇಷ್ಟ್ರು. "ಅದು ಫ್ಯಾನು."

ರೆಕಾರ್ಡ್ ತಿರುಗಿತು. ಎರಡು ಗಿಟಾರು ಒಂದನ್ನೊಂದು ಅಟ್ಟಿಸಿಕೊಂಡು ಹೋದವು, ಸಂಜೆ ಮಾಡಿನ ಕೆಳಗೆ ಹಾರುವ ಜೋಡಿ ಹಕ್ಕಿಗಳ ಹಾಗೆ. ನಾನೂ ಹಿಂದೆ ಹಾರಿದೆ. ಇಳಿದು ಬಂದು, "ಒಬ್ಬ ಸಾಕಿತ್ತು, ಇನ್ನೊಬ್ಬನ ಕೂಲಿ ದಂಡ," ಅಂದೆ.

"ನಾಳೆ ಕೊನೇದು. ಅದಾದ್ಮೇಲೆ ತೀರ್ಮಾನ ಹೇಳ್ತೀನಿ," ಅಂದರು ಮೇಷ್ಟ್ರು, ಹುಣಸೆಯವನ ಕಡೆ ನೋಡುತ್ತ. ಫ್ಯಾನನ್ನು ಹೊಗಳಿದವನೇ ನನಗಿಂತ ಮುಂದಿದ್ದ.

೫. ಐದನೆಯದು

ಐದನೇ ಆಲ್ಬಮಿನ ಕೊನೆಗೆ ಎಂಟು ನಿಮಿಷ ಹಾಡುಗಾರನೇ ಇಲ್ಲ, ಬರೀ ವಾದ್ಯ. ನಾಲ್ಕು ದಿನ ಬೇರೆ ಬೇರೆ ಕೇಳಿದ್ದೆಲ್ಲ ಅಲ್ಲಿ ಒಟ್ಟಿಗೆ ಕೂಡಿಕೊಂಡಿತು. ಗೋಡೆ ಕರಗಿತು, ಗುಬ್ಬಿ ಕರಗಿತು, ಕೊಬ್ಬರಿ ರೇಟು ಕೂಡ ಮರೆತುಹೋಯಿತು. ಎಚ್ಚರವಾದಾಗ ಮೇಷ್ಟ್ರ ಮನೆಯವರು ತಂದಿಟ್ಟಿದ್ದ ಕಾಫಿಯ ಮೇಲೆ ಕೆನೆ ಕಟ್ಟಿತ್ತು.

"ಎಲ್ಲಕ್ಕಿಂತ ಕಳಪೆ ಮಾಲು ಇದು," ಅಂದೆ. "ಗಿಟಾರು ಒಡಕು, ಡ್ರಮ್ಸು ಹಸಿ, ಬೇಸಿಗೆ ಬೂಷ್ಟು ಹಿಡಿದಿದೆ. ಬಿಟ್ಟಿ ಕೊಟ್ಟರೂ ಯಾರೂ ಎತ್ತಲ್ಲ ಮೇಷ್ಟ್ರೇ."

ಮೇಷ್ಟ್ರು ರೆಕಾರ್ಡನ್ನು ಕವರಿಗೆ ಸೇರಿಸಿ, "ಗೋಡೌನು ಹುಣಸೆಯವ್ರಿಗೇ ಕೊಡ್ತೀನಿ ಬುಡಿ," ಅಂದರು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಮನೆಯವರು ಬಾಯಿ ಹಾಕಿದರು. "ತಡೀರಿ. ನಮ್ಮಪ್ಪನೂ ಕೊಬ್ಬರಿ ವ್ಯಾಪಾರದವ್ರೇ. ಬೇಡದ ಮಾಲಾದ್ರೆ ಸುಮ್ನೆ ಎದ್ದು ಹೋಗೋರು. ಕೂತು ಬೈದ್ರು ಅಂದ್ರೆ ತಗೊಳ್ದೆ ಏಳಲ್ಲ ಅಂತ. ಇವ್ರು ಐದನೇದನ್ನ ಬೈದಂಗೆ ಯಾವುದನ್ನೂ ಬೈದಿಲ್ಲ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ನಿಜವೇನ್ರೀ?"

ಮೂವತ್ತು ವರ್ಷದಲ್ಲಿ ಮೊದಲ ಸಲ ಮಾಲಿನ ಮುಂದೆಯೇ ನಿಜ ಹೇಳಿದೆ. "ಇನ್ನೊಂದ್ಸಲ ಹಾಕ್ತೀರಾ ಅಂತ ಕೇಳೋಣ ಅಂತಿದ್ದೆ."

"ನಂಗೂ ಐದನೇದೇ," ಅಂದವರು ಬೀಗದ ಕೈ ತೆಗೆದುಕೊಂಡು ಎದ್ದೇಬಿಟ್ಟರು. ಮೇಷ್ಟ್ರು, ಅಮ್ಮಾವ್ರು, ನಾನು ಮೂವರೂ ಗೋಡೌನಿಗೆ ಹೋದೆವು. ಬಾಗಿಲು ತೆರೆಯಿತು. ವಿಶಾಲ ನೆಲ, ಒಣಗಾಳಿ, ಮೇಲಿನಿಂದ ಒಂದು ಕೋಲು ಬಿಸಿಲು. ನೋಡಿದ್ದೇ ತಡ, ಬಾಯಿ ತಾನಾಗಿ ಶುರುವಾಯಿತು: "ಸೂರು ಹಳೇದು, ಬಾಗಿಲು ಕಿರಿದು, ಗೋಡೆ ಸಪ್ಪೆ. ಇದನ್ನ ಯಾರು ತಗೋತಾರೆ ಮೇಷ್ಟ್ರೇ."

ಹಿಂದಿನಿಂದ ಅಮ್ಮಾವ್ರ ದನಿ ಬಂತು: "ರೀ, ಹನ್ನೆರಡು ಸಾವಿರ ಹೇಳಿ."

ಒಟ್ಟು ಗಿಟ್ಟಿದ್ದು: ಹತ್ತರ ಗೋಡೌನು ಹನ್ನೆರಡಕ್ಕೆ, ಹನ್ನೊಂದು ತಿಂಗಳ ಕರಾರು, ಪ್ರತಿ ಸೋಮವಾರ ಮಧ್ಯಾಹ್ನ ಸಕ್ಕರೆ ಹಾಕಿದ ಕಾಫಿ, ಮತ್ತು ಬಾಡಿಗೆಯಿಲ್ಲದ ಎಂಟು ನಿಮಿಷ.