ಮನಿಗೆ ಬ್ಯಾರೇ ಜೋಡು

ಸಕ್ಕರಿ ಕಾಯಿಲೆ ಇದ್ದೋರು ನಾಕು ಮಂದಿ ಒಂದು ಕಡೆ ಕುಂತ್ರ ಏನಾರೊಂದು ನಗೋ ಹಂಗ ನಡದ ನಡೀತೈತಿ. ಅವರ ನಡುವ ಇಬ್ಬರು ಡಾಕ್ಟರುಗಳನ್ನೂ ಕುಂದ್ರಿಸಿದ್ರ ಕೇಳೋದ ಬ್ಯಾಡ.

ಖಾಲಿ ಹೊಟ್ಟಿ

ತೆಲುಗು ನಾಡಿನಾಗ ನಾವಿರೋ ನಾಚಾರಂದಿಂದ ಬಸ್ ಹಿಡಿದು ನಾನು ಸಕ್ಕರಿ ದವಾಖಾನಿಗೆ ಹೋಗತಿರತೀನಿ. ಒಂದಿನ ಅಲ್ಲಿಯ ಸಣ್ಣ ಡಾಕ್ಟರಮ್ಮ ಫೋನ್ ಮಾಡಿದಳು. ರಾಯಚೂರ ಕಡೆ ಹುಡುಗಿ, ನಮ್ಮ ಮಾತ ಆಡತಾಳ. ‘ಅಜ್ಜಿ, ಸೋಮವಾರ ಬರ್ರಿ. ಕಾಲಿನ ಗಾಯದ ಮ್ಯಾಲೆ ಸಂಶೋಧನೆ ಮಾಡೋದೈತಿ’ ಅಂದಳು.

ಹನಿ ಚಾ ಸುದ್ದಾ ಕುಡೀಲಾರದ ಹೋದೆ. ಖುರ್ಚಿ ಮ್ಯಾಲೆ ಕುಂತ ಕೂಡಲೇ ಸೆರಗು ಸರಿಸಿ ತೋಳು ಚಾಚಿದೆ.

‘ರಕ್ತ ಬ್ಯಾಡ ಅಜ್ಜಿ. ಸಂಶೋಧನೆ ಹೆಂಗ ಮಾಡಬೇಕಂತ ಕೇಳಾಕ ಕರೆಸೀವಿ. ನಿಮ್ಮ ಅಭಿಪ್ರಾಯ ಬೇಕು.’

ಮದುವಿ ಆದಾಗಿಂದ ನನ್ನ ಅಭಿಪ್ರಾಯ ಯಾರೂ ಕೇಳಿದ್ದಿಲ್ಲ. ಹಂಗಾಗಿ ಪದ್ಧತಿ ಗೊತ್ತಿರಲಿಲ್ಲ. ‘ಅದನ್ನ ಖಾಲಿ ಹೊಟ್ಟೀಲೆ ಕೊಡಬೇಕೇನವಾ, ಊಟ ಆಗಿ ಎರಡು ತಾಸಿಗೋ?’ ಅಂದೆ.

ಗುಮಾಸ್ತರ ಬೇಡಿಕಿ

ನನ್ನಂಗ ಇನ್ನೂ ಕೆಲವರು ಬಂದಿದ್ರು. ಬಾಜೂ ಮನಿಯಾಕಿ ಇದ್ದಳು, ಆಕಿಗೆ ನಾವೆಲ್ಲ ಖಾಲಾ, ಅಂದ್ರ ಚಿಗವ್ವ, ಅಂತೀವಿ; ಸರ್ಕಾರಿ ನೌಕರಿ ಮುಗಿಸಿದ ಗುಮಾಸ್ತರೊಬ್ಬರಿದ್ರು. ಎದುರಿಗೆ ದೊಡ್ಡ ಡಾಕ್ಟರ್. ಅವರು ತೆಲುಗಿನಾವ್ರು, ಮಾತೆಲ್ಲ ತೆಲುಗು-ಹಿಂದಿಯೊಳಗ ನಡೀತು. ನಿಮಗ ನಮ್ಮ ಮಾತಿನಾಗ ಹೇಳಾಕತ್ತೀನಿ.

‘ಯಾವುದರ ಮ್ಯಾಲೆ ಸಂಶೋಧನೆ ಆಗಬೇಕು, ಮನಸ್ಸು ಬಿಚ್ಚಿ ಹೇಳ್ರಿ’ ಅಂದ್ರು.

ಗುಮಾಸ್ತರು ಎದ್ದು ನಿಂತ್ರು. ‘ನಾಂಪಲ್ಲಿ ನುಮಾಯಿಶ್ ಜಾತ್ರ್ಯಾಗ ನಾನು ಜಿಲೇಬಿ ತಿಂದದ್ದು ಮನ್ಯಾಗ ಕುಂತ ಹೆಂಡತಿಗೆ ಹೆಂಗ ಗೊತ್ತಾಗತೈತಿ, ಅದರ ಮ್ಯಾಲೆ ಮಾಡ್ರಿ ಸಾಬ್.’

ದೊಡ್ಡ ಡಾಕ್ಟರ್ ಪೆನ್ನು ಕೆಳಗಿಟ್ರು. ‘ಅದು ಯಾರಿಗಾರ ತಿಳಿದ್ರ ನನಗೂ ಹೇಳ್ರಿ.’

ಹೊಳಿಯೋ ತಳ

ಸಕ್ಕರಿ ಹಳೇದಾದ್ರ ಪಾದ ಮರಗಟ್ಟತಾವು. ಚುಚ್ಚಿದ್ದೂ ತಿಳಿಯಂಗಿಲ್ಲ, ಸುಟ್ಟಿದ್ದೂ ತಿಳಿಯಂಗಿಲ್ಲ. ಖಾಲಾ ಹಿಂಗ ಕಾಲಿನ ಒಂದು ಬೆರಳು ಕಳಕೊಂಡಾಳ. ಅದಕ್ಕಂತ ದವಾಖಾನ್ಯಾಗ ನಮಗೆಲ್ಲ ಮೆತ್ತನ್ನ ಚಪ್ಪಲಿ ಕೊಟ್ಟಿದ್ರು. ಹಾಕ್ಕೊಂಡ್ರ ಗಾಯ ಕಮ್ಮಿ ಆಗತಾವೋ ಇಲ್ಲೋ ಅನ್ನೋದ ಅವರ ಸಂಶೋಧನೆ.

‘ದಿನಾ ಹಾಕ್ಕೋತೀರೇನು?’ ಅಂದ್ರು ದೊಡ್ಡ ಡಾಕ್ಟರ್.

‘ಹೌದ್ರಿ, ದಿನಾ’ ಅಂದೆವು, ಸಾಲಿ ಹುಡುಗರ ಹಂಗ ಎಲ್ಲಾರೂ ಕೂಡೇ.

ಸಣ್ಣ ಡಾಕ್ಟರಮ್ಮ ಬಗ್ಗಿ ಒಂದೊಂದ ಚಪ್ಪಲಿ ತಿರುವಿ ನೋಡಿದಳು. ತಳ ತೊಳೆದಿಟ್ಟ ತಾಟಿನಂಗ ಹೊಳೀತಿದ್ವು. ಖಾಲಾ ಗೇಟಿನ ತನಕ ಚೀಲದಾಗ ತಂದು, ಅಲ್ಲಿ ಹಾಕ್ಕೊಂಡಿದ್ದಳು. ಗುಮಾಸ್ತರ ಚಪ್ಪಲಿಗೆ ಅಳತಿ ಚೀಟಿ ಇನ್ನಾ ಅಂಟಿತ್ತು.

‘ದಿನಾ ಅಂದ್ರೆಲ್ಲ?’ ಅಂತ ದೊಡ್ಡ ಡಾಕ್ಟರ್ ಕೇಳಿದ್ರು.

ಗುಮಾಸ್ತರು ಗಂಟಲು ಸರಿ ಮಾಡ್ಕೊಂಡ್ರು. ‘ದವಾಖಾನಿಗೆ ಬರೋ ದಿನ ಒಂದೂ ತಪ್ಪಿಸಿಲ್ಲ ಸಾಬ್.’

ಖಾಲಾನ ಮಾತು

ದೊಡ್ಡ ಡಾಕ್ಟರಿಗೆ ಬ್ಯಾಸರ ಆತು. ‘ಬೀದ್ಯಾಗಷ್ಟ ಅಲ್ಲ, ಮನ್ಯಾಗೂ ಹಾಕ್ಕೋಬೇಕು. ಅಡಿಗಿ ಮನ್ಯಾಗೂ.’

ಬೀದಿ ತಿರುಗಿದ ಚಪ್ಪಲಿ ಒಲಿ ಮುಂದ, ದೇವರ ಮುಂದ.

‘ಆಗಂಗಿಲ್ಲ ಸಾಬ್’ ಅಂದೆ.

‘ನಮಾಜಿನ ಜಾಗದಾಗ? ತೋಬಾ’ ಅಂದಳು ಖಾಲಾ.

‘ಹಾಕ್ಕೊಳ್ಳಲಿಲ್ಲ ಅಂದ್ರ ಸಂಶೋಧನೆ ಕೆಡತೈತಿ.’

‘ಕೆಡವಲ್ದ್ಯಾಕ’ ಅಂದೆ. ‘ನೀವು ಗಾಯ ಬೀದ್ಯಾಗ ಹುಡುಕಾಕತ್ತೀರಿ, ನಮ್ಮ ಬೆರಳು ಮನಿ ಒಳಗ ಹೋಗಾಕತ್ತಾವು. ಖಾಲಾಗ ಸೂಜಿ ನೆಟ್ಟಿದ್ದು ಮಂಚದ ಬುಡಕ. ನನ್ನ ಕಾಲು ಸುಟ್ಟಿದ್ದು ಕೆಳಗಿಳಿಸಿದ ಹಂಚಿನ ಬಾಜೂಕ. ಮನಿಗೆ ಬ್ಯಾರೇ ಜೋಡು ಮಾಡ್ರಿ. ಚರ್ಮ ಇರಬಾರದು, ತೊಳಿಯಾಕ ಬರಬೇಕು, ಹೊಸ್ತಿಲ ದಾಟಬಾರದು. ಇಲ್ಲಾಂದ್ರ ನಾವು ಒಬ್ಬರೂ ನಿಮ್ಮ ಸಂಶೋಧನೆಗೆ ಬರಂಗಿಲ್ಲ.’

‘ಅಮ್ಮಾ, ಹಂಗಾದ್ರ ಎಲ್ಲಾ ಹೊಸದಾಗಿ ಬರೀಬೇಕು. ಮಂಜೂರಿ ಮತ್ತೊಮ್ಮೆ ತಗೋಬೇಕು.’

‘ಬರೀರಿ’ ಅಂದಳು ಖಾಲಾ. ‘ನಿಮ್ಮ ಬೆರಳು ಇನ್ನಾ ಎಲ್ಲಾ ಅದಾವಲ್ಲ.’

ಕಣ್ಣಾರೆ ನೋಡಾಕ ಬಂದ್ರು

ಅವರು ಆಗಲೂ ಒಪ್ಪಲಿಲ್ಲ. ‘ಮಂದಿ ಮನ್ಯಾಗ ಹೆಂಗಿರತಾರ, ಕಣ್ಣಾರೆ ನೋಡಿ ಹೇಳತೀನಿ’ ಅಂದ್ರು. ‘ಮೊದಲು ನಮ್ಮನಿಗೇ ಬರ್ರಿ’ ಅಂದೆ. ನನಗೂ ಹಟ. ಖಾಲಾಂದು ಇನ್ನೊಂದು ಬೆರಳು ಹೋಗೋದು ನೋಡಿಕೋತ ಕುಂದ್ರಾಕ ನಾ ತಯಾರಿಲ್ಲ.

ಇಬ್ಬರು ಡಾಕ್ಟರೂ ಒಂದಿನ ಸಂಜಿಗೆ ಬಂದ್ರು. ದೊಡ್ಡ ಡಾಕ್ಟರ್ ತಾವಾಗೇ ಬಾಗಿಲಾಗ ಬೂಟು ಬಿಚ್ಚಿದ್ರು, ಕಾಲುಚೀಲ ಬಿಚ್ಚಿ ಬೂಟಿನಾಗ ತುರುಕಿದ್ರು. ಸಣ್ಣಾಕೀನೂ ಬಿಚ್ಚಿದಳು. ಬರಿಗಾಲಾಗ ಅಡಿಗಿ ಮನಿ ತನಕ ಬಂದು, ಜಗಲಿ ಮ್ಯಾಲಿನ ದೇವರಿಗೆ ಕೈ ಮುಗಿದು, ಅವರು ನನ್ನ ಕಡೆ ತಿರುಗಿದ್ರು. ‘ಅಮ್ಮಾ, ಇಲ್ಲಿ ಚಪ್ಪಲಿ ಹಾಕ್ಕೊಳ್ಳಾಕ ನಿಮಗ ಏನು ಕಷ್ಟ?’

ನಾನು ಅವರ ಪಾದ ನೋಡಿದೆ. ಅವರೂ ನೋಡ್ಕೊಂಡ್ರು. ನಾಚಿಕೊಂಡು ಒಂದು ಹೆಜ್ಜಿ ಹಿಂದ ಸರದ್ರು. ಅಲ್ಲಿ ಸೊಸಿ ಸೀರಿ ಪಿನ್ನು ಬಾಯಿ ತಕ್ಕೊಂಡು ಬಿದ್ದಿತ್ತು. ನಾ ಬೇಕಂತ ಹಾಕಿದ್ದಲ್ಲ. ಸೊಸಿ ಇನ್ನಾ ನಂಬಂಗಿಲ್ಲ.

ಅಷ್ಟು ದೊಡ್ಡ ಮನಿಷ್ಯಾ ಒಂಟಿಗಾಲಾಗ ಕುಣದ್ರು. ಪಿನ್ನು ಸಿಡಿದು ಎಲ್ಲೋ ಹೋತು.

‘ನೋಯಾಕತ್ತೈತೇನ್ರಿ?’

‘ನೋಯದ ಏನಮ್ಮಾ.’

‘ಪುಣ್ಯವಂತರು ನೀವು. ನಾನಾಗಿದ್ರ ಅದನ್ನ ಕಾಲಾಗ ಇಟ್ಕೊಂಡ ನಿಮಗ ಚಾ ಮಾಡಿ ಕೊಡತಿದ್ದೆ.’

ಅವರು ಹಿಟ್ಟಿನ ಡಬ್ಬಿ ಮ್ಯಾಲೆ ಕುಂತು, ಅಂಗಾಲು ತಿರುವಿ ನೋಡ್ಕೊಂಡ್ರು. ಆಮ್ಯಾಲೆ ಸಣ್ಣ ಡಾಕ್ಟರಮ್ಮಗ ಹೇಳಿದ್ರು: ‘ಹೊಸದಾಗಿ ಬರಿ. ಒಬ್ಬೊಬ್ಬರಿಗೆ ಎರಡು ಜೋಡು. ಒಂದು ಹೊರಗ, ಒಂದು ಮನಿಗೆ.’

ಆಕಿ ಗ್ವಾಡಿಗೆ ಅಂಟಿಕೊಂಡು ನಿಂತಿದ್ದಳು, ನಿಂತ ಜಾಗ ಬಿಡಲಿಲ್ಲ.

‘ಬರೀತೀನಿ ಸರ್. ಮೊದಲು ಆ ಪಿನ್ನು ಎಲ್ಲಿ ಹೋತು ಹುಡುಕ್ರಿ. ನಾನೂ ಬರಿಗಾಲಾಗ ಅದೀನಿ.’