ತೆಗೆಯಲಾಗದ ಬೀಗವಿಲ್ಲ

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆ ಒಂದು ಇರುವೆ ಮಾತ್ರ ಇತ್ತು. ಅದೂ ಬೀಗದಣ್ಣನನ್ನು ಕಂಡು, ತಪ್ಪು ಮನೆಗೆ ನುಗ್ಗಿದ ಅತಿಥಿಯ ಹಾಗೆ ಮುಜುಗರಪಟ್ಟುಕೊಂಡು, ಗೋಡೆ ಹಿಡಿದು ಹೊರಟುಹೋಯಿತು.

ನಿನ್ನೆ ಬೆಳಿಗ್ಗೆ ಇದೇ ಮುಚ್ಚಳ ತೆಗೆದಾಗ ಚೌಕಟ್ಟುಗಳ ಮೇಲೆ ಜೇನುನೊಣಗಳು ಗಿಜಿಗುಡುತ್ತಿದ್ದವು. ಮೊನ್ನೆಯೂ, ಅದರ ಹಿಂದಿನ ದಿನವೂ. ಜಗತ್ತಿನಲ್ಲೆಲ್ಲ ಜೇನು ಕುಟುಂಬಗಳು ಇದ್ದಕ್ಕಿದ್ದ ಹಾಗೆ ಕಾಣೆಯಾಗುತ್ತಿವೆ ಎಂದು ಪತ್ರಿಕೆಯಲ್ಲಿ ಓದಿದಂದಿನಿಂದ ಬೀಗದಣ್ಣ ಹಲ್ಲುಜ್ಜುವ ಮೊದಲೇ ತಾರಸಿಗೆ ಹತ್ತಿ, ಮುಚ್ಚಳ ತೆಗೆದು, ಎಲ್ಲವೂ ಇವೆ ಎಂದು ಖಾತ್ರಿ ಮಾಡಿಕೊಂಡೇ ಕೆಳಗಿಳಿಯುತ್ತಿದ್ದ. ಇವತ್ತು ಒಂದೂ ಇಲ್ಲ. ಸತ್ತು ಬಿದ್ದ ನೊಣವೂ ಇಲ್ಲ. ಬಾಡಿಗೆ ಮನೆ ಗುಡಿಸಿ ಒರೆಸಿ ಬಿಟ್ಟುಹೋದಷ್ಟು ಚೊಕ್ಕ.

"ರೀ, ಸಂಜೆ ಅಪ್ಪ ಬರ್ತಾರೆ, ನೆನಪಿದೆ ತಾನೇ?" ಕೆಳಗಿನಿಂದ ಹೆಂಡತಿ ಕೂಗಿದಳು.

ನೆನಪಿದ್ದುದೇ ತೊಂದರೆ. ಮಾವನಿಗೆ ಜೇನು ಸಾಕುವುದು ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ಬೀಗ ರಿಪೇರಿಗೆ ಹೋದ ಮಗಳು ರಿಪೇರಿಯವನನ್ನೇ ಮದುವೆಯಾಗಿ ಬಂದಳಲ್ಲ ಎಂಬ ಸಿಟ್ಟು ಬಿಟ್ಟರೆ ಬೇರೆ ಸಿಟ್ಟೂ ಗೊತ್ತಿರಲಿಲ್ಲ. ಅಂದಿನಿಂದ ಅವರು ಅಳಿಯನ ಜೊತೆ ನೇರವಾಗಿ ಒಂದು ಮಾತೂ ಆಡಿಲ್ಲ. ಊಟಕ್ಕೆ ಎದುರುಬದುರು ಕೂತಾಗಲೂ "ನಿನ್ನ ಗಂಡನಿಗೆ ಹೇಳು, ಉಪ್ಪು ಈ ಕಡೆ ತಳ್ಳಲಿ" ಎಂದು ಮಗಳಿಗೇ ಹೇಳುವರು. ಹೋದ ಸಲ ಬಂದಾಗ ತಮ್ಮದೊಂದು ಪೆಟ್ಟಿಗೆ ತಂದು ತಾರಸಿಯ ಮೇಲಿಟ್ಟು, "ನಾನು ಮತ್ತೆ ಬರೋವರೆಗೆ ಈ ಕುಟುಂಬ ಉಳಿಸ್ಕೊಂಡ್ರೆ ಮಾತಾಡ್ಸೋಣ ಅಂತ ಹೇಳು" ಎಂದಿದ್ದರು. ಅದನ್ನೂ ಮಗಳಿಗೇ.

ಬೀಗದಣ್ಣ ಸುಲಭಕ್ಕೆ ಸೋಲೊಪ್ಪುವವನಲ್ಲ. ಅವನ ಅಂಗಡಿಯ ಬಾಗಿಲ ಮೇಲೆ ಕರುವಿನ ಗಾತ್ರದ ತಗಡಿನ ಬೀಗವೊಂದು ತೂಗುತ್ತದೆ. ಸುತ್ತಲೂ ಬೆಸುಗೆ ಹಾಕಿ ಮುಚ್ಚಿದ್ದು. ನೋಟಕ್ಕಿರಲಿ ಎಂದು ನಡುವೆ ಕೀಲಿಕೈಗೊಂದು ತೂತು. ಅದರ ಕೆಳಗೆ ಕೆಂಪು ಅಕ್ಷರದಲ್ಲಿ: 'ತೆಗೆಯಲಾಗದ ಬೀಗವಿಲ್ಲ.' ಬರೆಸಿದ್ದು ಗಿರಾಕಿಗಳಿಗೋಸ್ಕರ. ಮನಸಾರೆ ನಂಬಿದ್ದು ಅವನೊಬ್ಬನೇ.

"ಸಂಜೆಯೊಳಗೆ ಯಾಕೆ ಹೋದ್ವು ಅಂತ ಕಂಡುಹಿಡೀತೀನಿ," ಎಂದು ಅವನು ಮೆಟ್ಟಿಲಿಳಿಯುತ್ತ ಹೆಂಡತಿಗೆ ಘೋಷಿಸಿದ. "ಯಾಕೆ ಅಂತ ಗೊತ್ತಾದ್ರೆ ಎಲ್ಲಿಗೆ ಅಂತ ಗೊತ್ತಾಗುತ್ತೆ. ಎಲ್ಲಿಗೆ ಅಂತ ಗೊತ್ತಾದ್ರೆ ಹಿಡ್ಕೊಂಡು ಬರ್ತೀನಿ."

"ಮೊದಲು ಹಲ್ಲುಜ್ಜಿ," ಎಂದಳು ಅವಳು.

ಹಲ್ಲಿನ ಮಾತು ಕೇಳಿಯೇ ಬಂದಂತೆ ಎದುರುಮನೆಯ ಡಾಕ್ಟರಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಹಲ್ಲಿನ ಡಾಕ್ಟರು. ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಇನ್ನೊಂದರಲ್ಲಿ ಅರ್ಧ ಕೀಲಿಕೈ.

"ಒಳ್ಳೇ ಹೊತ್ತಿಗೆ ಸಿಕ್ಕಿದ್ರಿ ಬೀಗದಣ್ಣ. ಹಾಲು ತರೋಕೆ ಹೋಗಿದ್ದೆ. ಬಂದು ಕೀಲಿ ತಿರುಗಿಸಿದ್ರೆ ಒಳಗೇ ಮುರೀತು. ಬೇರು ಒಳಗಿದೆ, ತುದಿ ನನ್ನ ಕೈಲಿದೆ."

"ಚಿಟಿಕೆ ಹೊಡೆಯೋದ್ರಲ್ಲಿ ಆಗೋ ಕೆಲಸ ಡಾಕ್ಟರಮ್ಮ. ಆದ್ರೆ ಸಾಮಾನೆಲ್ಲ ಅಂಗಡೀಲಿದೆ."

"ಅಂಗಡಿ ಇಲ್ಲೇ ಎರಡು ಬೀದಿ ಆಚೆಗಿದೆಯಲ್ಲ. ಹೋಗಿ ತನ್ನಿ."

"ತರ್ತೀನಿ. ಮೊದಲು ನಮ್ಮ ಜೇನು ಯಾಕೆ ಹೋಯ್ತು ಅಂತ ಗೊತ್ತಾಗ್ಲಿ."

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡರು. "ಅವಕ್ಕೆ ಸಕ್ಕರೆ ಪಾಕ ಏನಾದ್ರೂ ಕೊಡ್ತಿದ್ರಾ?"

"ಆಗಾಗ."

"ಅದೇ ಮತ್ತೆ! ಸಕ್ಕರೆಯಿಂದ ಉದ್ಧಾರ ಆದೋರನ್ನ ನಾನಂತೂ ನೋಡಿಲ್ಲ."

"ನೊಣಕ್ಕೆ ಹಲ್ಲಿಲ್ಲ ಡಾಕ್ಟರಮ್ಮ."

"ಈಗ ಇಲ್ಲ," ಎಂದರು ಅವರು ಗಂಭೀರವಾಗಿ. "ಮೊದಲು ಇತ್ತೇನೋ, ಯಾರು ಕಂಡಿದ್ದಾರೆ?"

ಇಷ್ಟು ಹೊತ್ತಿಗೆ ಕೆಳಗಿನ ಮನೆಯ ಕುಂಡದಕ್ಕ ಮೇಲೆ ಬಂದಾಗಿತ್ತು. ಅವಳ ಬಾಲ್ಕನಿಯಲ್ಲಿ ಮನುಷ್ಯರಿಗೆ ನಿಲ್ಲಲು ಜಾಗವಿಲ್ಲ, ಅಷ್ಟು ಹೂಕುಂಡ. "ವಿಷ ಕಣಪ್ಪಾ, ವಿಷ!" ಎಂದು ಅವಳು ಎದೆ ಬಡಿದುಕೊಂಡಳು. "ಲೋಕವೆಲ್ಲ ಗಿಡಕ್ಕೆ ವಿಷ ಹೊಡೀತಿದೆ. ಅದನ್ನ ಕುಡಿದ ಹುಳ ಮನೆ ದಾರಿ ಮರೀದೆ ಇರುತ್ತಾ?"

"ನಿಮ್ಮ ಕೈಲಿರೋದು ಏನಕ್ಕ?"

ಅಕ್ಕ ಕೈಯಲ್ಲಿದ್ದ ಸಿಂಪಡಿಸುವ ಡಬ್ಬಿ ನೋಡಿಕೊಂಡಳು. "ಇದಾ? ಇದು ಔಷಧಿ. ಬೇರೆಯೋರು ಹೊಡೆದ್ರೆ ಅದು ವಿಷ."

ಬೀಗದಣ್ಣ ವಾದಕ್ಕೆ ನಿಲ್ಲಲಿಲ್ಲ. ಒದ್ದೆ ಬಟ್ಟೆ ಹಿಡಿದು ಅಕ್ಕನ ಬಾಲ್ಕನಿಗೆ ನುಗ್ಗಿದ. ಒಂದೊಂದೇ ಎಲೆಯನ್ನು, ನೆಗಡಿಯಾದ ಮಗುವಿನ ಮೂಗು ಒರೆಸುವ ಹಾಗೆ, ಒರೆಸತೊಡಗಿದ. ವಿಷ ಹೋದರೆ ನೊಣ ಬರಬೇಕು. ಬರದಿದ್ದರೆ ಕಾರಣ ವಿಷವಲ್ಲ. ಲೆಕ್ಕ ಸರಿಯಾಗಿತ್ತು, ಎಲೆಗಳು ಮಾತ್ರ ಮುಗಿಯುತ್ತಿರಲಿಲ್ಲ. ಕೊನೆಯ ಕುಂಡ ಮುಗಿಸುವಾಗ ಬಿಸಿಲು ಏರಿತ್ತು. ಒಂದೇ ಒಂದು ನೊಣ ಬಂತು. ಅದು ಮನೆನೊಣ.

"ಬೀಗದಣ್ಣ, ನನ್ನ ಬಾಗಿಲು?" ಮೆಟ್ಟಿಲ ಮೇಲಿಂದ ಡಾಕ್ಟರಮ್ಮನ ದನಿ ಬಂತು.

"ಇನ್ನೇನು, ಬಂದೆ!"

ಬಂದದ್ದು ಟೆಲಿಫೋನ್ ಮಾವ. ಆಯುಷ್ಯವೆಲ್ಲ ಟೆಲಿಫೋನ್ ತಂತಿ ಎಳೆದು ನಿವೃತ್ತರಾದವರು. ಅವರ ಪ್ರಕಾರ ಮೊಬೈಲ್ ಬಂದ ಮೇಲೆ ಮನುಷ್ಯನಿಗೆ ಕಿವಿನೋವು, ಮಕ್ಕಳಿಗೆ ಅಹಂಕಾರ, ಹಾಲಿಗೆ ನೀರು, ಎಲ್ಲವೂ ಶುರುವಾದವು.

"ತಂತಿ ಇದ್ದ ಕಾಲದಲ್ಲಿ ಒಂದು ನೊಣ ಕಾಣೆಯಾಗಿತ್ತೇನೋ? ಹೇಳು ನೋಡೋಣ!" ಎಂದರು ಟೆಲಿಫೋನ್ ಮಾವ. "ಮಾತು ತಂತಿಯೊಳಗೆ ತನ್ನ ಪಾಡಿಗೆ ತಾನು ಹೋಗ್ತಿತ್ತು. ಈಗ ಎಲ್ಲ ಗಾಳೀಲಿ. ನೊಣ ಪಾಪ ಮನೆಗೆ ಹೊರಟಿರುತ್ತೆ, ದಾರೀಲಿ ಯಾರೋ ಸೊಸೆ ಅತ್ತೆ ಬಗ್ಗೆ ಮಾತಾಡೋದು ಅಡ್ಡ ಬರುತ್ತೆ. ಅದನ್ನ ಕೇಳ್ತಾ ನಿಂತ್ರೆ ದಾರಿ ತಪ್ಪದೆ ಇನ್ನೇನು?"

"ಹಾಗಾದ್ರೆ ಪರೀಕ್ಷೆ ಮಾಡೇ ಬಿಡೋಣ ಮಾವ!"

ಟೆಲಿಫೋನ್ ಮಾವನ ಮನೆಯಿಂದ ಕಬ್ಬಿಣದ ಟ್ರಂಕು ಹೊರಬಂತು. ಕಟ್ಟಡದ ಫೋನುಗಳೆಲ್ಲ ಅದರೊಳಗೆ ಬಿದ್ದವು; ಕೊಡದವರ ಕೈಯಿಂದ ಮಾವನೇ ಕಿತ್ತುಕೊಂಡರು. ಕಡೆಯದು ಬೀಗದಣ್ಣನದು. ಹಾಕಬೇಕು ಎನ್ನುವಾಗ ಅದು ಬಡಿದುಕೊಂಡಿತು. ಅಂಗಡಿ ಪಕ್ಕದ ಕ್ಷೌರದವನು.

"ಅಣ್ಣಾ, ಬೇಗ ಅಂಗಡಿ ಹತ್ರ ಬನ್ನಿ, ಇಲ್ಲಿ—"

"ಯಾರಾದ್ರೂ ಬಂದಿದ್ರೆ ಕೂರೋಕೆ ಹೇಳು. ನನಗೆ ಕೈ ತುಂಬಾ ಕೆಲಸ." ಫೋನು ಟ್ರಂಕಿಗೆ ಬಿತ್ತು. ಬೀಗದಣ್ಣ ಅದಕ್ಕೆ ತನ್ನ ಕೈಯಾರೆ ಮಾಡಿದ ಅತ್ಯಂತ ಗಟ್ಟಿ ಬೀಗ ಜಡಿದು, ಕೀಲಿಕೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ನೊಣ ಬರುವುದನ್ನು ನೋಡಲು ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತ.

ಆಕಾಶ ಖಾಲಿ. ಕೆಳಗೆ ಬೀದಿಯಲ್ಲಿ ಮಾತ್ರ ಒಬ್ಬ ಮನುಷ್ಯ ಓಡುತ್ತಿದ್ದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ಸೋಪಿನ ನೊರೆ, ಕೊರಳಿಗೆ ಕಟ್ಟಿದ ಬಿಳಿ ಬಟ್ಟೆ ಬಾವುಟದಂತೆ ಹಿಂದೆ ಹಾರುತ್ತಿತ್ತು. ಇದೇನು ವಿಚಿತ್ರ ಎಂದು ಬೀಗದಣ್ಣ ಬಗ್ಗಿದ. ಜೇಬೂ ಬಗ್ಗಿತು. ಟ್ಯಾಂಕಿನ ಮುಚ್ಚಳ ಅರ್ಧ ಸರಿದಿತ್ತು.

ಗುಳುಂ.

ಆಮೇಲಿನ ಮಧ್ಯಾಹ್ನವನ್ನು ಆ ಕಟ್ಟಡದವರು ಬಹಳ ಕಾಲ ಮರೆಯಲಿಲ್ಲ. ಟ್ರಂಕು ಒಳಗಿನಿಂದ ಹಾಡತೊಡಗಿತು. ಒಂದು ಫೋನು ನಿಂತರೆ ಇನ್ನೊಂದು, ಅದು ನಿಂತರೆ ಮತ್ತೊಂದು. "ಕಬ್ಬಿಣದ ಒಳಕ್ಕೂ ನುಗ್ಗುತ್ತಲ್ಲ! ನಾನು ಹೇಳಿರ್ಲಿಲ್ವಾ?" ಎಂದು ಟೆಲಿಫೋನ್ ಮಾವನೊಬ್ಬರೇ ಸಂಭ್ರಮಪಟ್ಟರು. ಬೀಗದಣ್ಣ ಹೆಂಡತಿಯ ತಲೆಪಿನ್ನು, ಡಾಕ್ಟರಮ್ಮನ ಅರ್ಧ ಕೀಲಿ, ಕುಂಡದಕ್ಕನ ತಂತಿ, ಎಲ್ಲವನ್ನೂ ತೂರಿಸಿ ನೋಡಿದ. ಬೀಗ ಮಿಸುಕಲಿಲ್ಲ. ತನ್ನ ಕೆಲಸ ಇಷ್ಟು ಚೆನ್ನಾಗಿರಬಾರದಿತ್ತು ಎಂದು ಮೊದಲ ಬಾರಿಗೆ ಅವನಿಗನ್ನಿಸಿತು.

"ಅದು ನನ್ನ ಫೋನಿನ ಸದ್ದು!" ಹೆಂಡತಿ ಟ್ರಂಕಿಗೆ ಕಿವಿಯಿಟ್ಟು ಕಿರುಚಿದಳು. "ಅಪ್ಪ ಬಸ್ಸಿಳಿದಿದ್ದಾರೆ. ಮೊನ್ನೆ ನಾವು ಮನೆ ಬದಲಿಸಿದ್ದು ಅವರಿಗೆ ಗೊತ್ತಿಲ್ಲ ಕಣ್ರೀ, ಕೇಳೋಕೆ ಫೋನ್ ಮಾಡ್ತಿದ್ದಾರೆ!"

"ಅಂದ ಹಾಗೆ, ಮನೆ ಯಾಕೆ ಬದಲಿಸಿದ್ರಿ?" ಡಾಕ್ಟರಮ್ಮ ಕೇಳಿದರು.

"ಹಿಂದಿನ ಕಟ್ಟಡದಿಂದ ಮುಂದಿನ ಕಟ್ಟಡಕ್ಕೆ. ತಾರಸಿ ದೊಡ್ಡದು ಅಂತ. ಜೇನಿಗೆ!" ಎಂದ ಬೀಗದಣ್ಣ.

"ಅಪ್ಪನಿಗೆ ಗೊತ್ತಿರೋ ಜಾಗ ಇನ್ನೊಂದೇ," ಎಂದು ಹೆಂಡತಿ ಹಣೆ ಚಚ್ಚಿಕೊಂಡಳು. "ನಿಮ್ಮ ಅಂಗಡಿ."

ಈಗ ಬೇರೆ ದಾರಿಯಿರಲಿಲ್ಲ. ಟ್ರಂಕಿನ ಒಂದು ತುದಿ ಬೀಗದಣ್ಣ ಹಿಡಿದ, ಇನ್ನೊಂದು ತುದಿ ಟೆಲಿಫೋನ್ ಮಾವ. ಹಿಂದೆ ಹೆಂಡತಿ, ಹಾಲಿನ ಪ್ಯಾಕೆಟ್ಟಿನ ಡಾಕ್ಟರಮ್ಮ, ಡಬ್ಬಿಯ ಕುಂಡದಕ್ಕ, ಅವರ ಹಿಂದೆ ಫೋನು ಕಳೆದುಕೊಂಡ ಕಟ್ಟಡ. ಹಾಡುತ್ತ ಕುಣಿಯುತ್ತ ಹೋಗುವ ಶವಪೆಟ್ಟಿಗೆಯ ಹಾಗೆ ಟ್ರಂಕು ಎರಡು ಬೀದಿ ದಾಟಿತು. "ನಾನು ಸೋತಿಲ್ಲ ಮಾವ," ಎಂದು ಬೀಗದಣ್ಣ ಏದುಸಿರು ಬಿಡುತ್ತ ಹೇಳಿದ. "ಸಾಮಾನು ತಗೊಂಡು ಇದನ್ನ ತೆಗೀತೀನಿ, ಡಾಕ್ಟರಮ್ಮನ ಬಾಗಿಲು ತೆಗೀತೀನಿ, ಆಮೇಲೆ ಜೇನು ಹುಡುಕ್ತೀನಿ."

"ಹುಡುಕು, ಹುಡುಕು. ಮೊದಲು ಸರಿಯಾಗಿ ಎತ್ತು."

ಅಂಗಡಿಯ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಕ್ಷೌರದವನು ತನ್ನ ಗಾಜಿನ ಬಾಗಿಲ ಹಿಂದೆ ಅವಿತು, ಕತ್ತಿ ಹಿಡಿದ ಕೈಯಿಂದಲೇ ಏನೋ ಸನ್ನೆ ಮಾಡುತ್ತಿದ್ದ. ಬೀಗದಣ್ಣನ ಮುಚ್ಚಿದ ಶಟರಿನ ಮುಂದೆ ಹೆಣ್ಣು ಕೊಟ್ಟ ಮಾವ ನಿಂತಿದ್ದರು. ಕಾಲ ಬಳಿ ಕೈಚೀಲ, ಕತ್ತು ಹಿಂದಕ್ಕೆ. ಮುಖದಲ್ಲಿ ತೊಟ್ಟಿಲು ಇಣುಕಿ ನೋಡುವ ಅಜ್ಜನ ನಗು.

ಎಲ್ಲರೂ ಮೇಲೆ ನೋಡಿದರು.

ತಗಡಿನ ಬೀಗ ಗುಂಯ್‌ಗುಡುತ್ತಿತ್ತು. ಕೀಲಿಕೈ ತೂತಿನಿಂದ ಜೇನುನೊಣಗಳು ಒಂದೊಂದಾಗಿ ಹೊರಬರುತ್ತಿದ್ದವು, ಒಂದೊಂದಾಗಿ ಒಳಹೋಗುತ್ತಿದ್ದವು. ನೂಕುನುಗ್ಗಲಿಲ್ಲ, ಗಡಿಬಿಡಿಯಿಲ್ಲ. ಹುಟ್ಟಿದಾಗಿನಿಂದ ಅಲ್ಲೇ ಇದ್ದವರ ಹಾಗೆ.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರು ಅಂತಾರಲ್ಲ," ಎಂದರು ಡಾಕ್ಟರಮ್ಮ ಸಣ್ಣಗೆ. "ಬೆಳಿಗ್ಗೆನೇ ನನ್ನ ಬಾಗಿಲಿಗೆ ಸಾಮಾನು ತರೋಕೆ ಬಂದಿದ್ರೆ..."

ಬೀಗದಣ್ಣನಿಗೆ ಅದೊಂದೂ ಕೇಳಿಸಲಿಲ್ಲ. ಟ್ರಂಕನ್ನು ಅಲ್ಲೇ ಇಳಿಸಿ ಶಟರಿಗೆ ಕೈಹಾಕಿದ.

"ನಿನ್ನ ಗಂಡನಿಗೆ ಹೇಳು, ಶಟರ್ ಮುಟ್ಟಬಾರದು," ಮಾವ ಮೇಲಿಂದ ಕಣ್ಣು ತೆಗೆಯದೆ ಹೇಳಿದರು. "ಆ ಸದ್ದಿಗೆ ಮತ್ತೆ ಎದ್ದು ಹೋಗ್ತಾವೆ. ಹಾಗೇ ಕೇಳು, ಪೆಟ್ಟಿಗೆ ಮುಚ್ಚಳ ಎಷ್ಟು ದಿನಕ್ಕೊಂದ್ಸಲ ತೆಗೀತಿದ್ದ?"

"ದಿನಾ ಅಪ್ಪ," ಎಂದಳು ಹೆಂಡತಿ. "ಕಾಣೆಯಾಗಿಲ್ಲ ತಾನೇ ಅಂತ ನೋಡೋಕೆ."

ಕುಂಡದಕ್ಕ ಡಬ್ಬಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಟ್ರಂಕಿನಲ್ಲಿ ಹಾಡುತ್ತಿದ್ದ ಫೋನೂ ನಿಂತಿತು. ಮಾವ ಮೆಲ್ಲನೆ ತಿರುಗಿ, ಮದುವೆಯಾದಾಗಿನಿಂದ ಮೊದಲ ಸಲ, ಬೀಗದಣ್ಣನ ಮುಖ ನೋಡಿದರು.

"ಅಳಿಯಂದ್ರೇ."

ಬೀಗದಣ್ಣ ಅಂಗಿ ಸರಿಮಾಡಿಕೊಂಡ. ಈ ಒಂದು ಪದಕ್ಕಾಗಿ ಅವನು ಎಷ್ಟು ಉಪ್ಪಿನ ಡಬ್ಬಿ ತಳ್ಳಿದ್ದ!

"ಹೇಳಿ ಮಾವ."

"ದಿನಾ ಬೆಳಿಗ್ಗೆ ಯಾರೋ ಬಂದು ನಿಮ್ಮ ಮನೆ ಸೂರು ಕಿತ್ತು, ಇದ್ದೀರಾ, ಇದ್ದೀರಾ ಅಂತ ಇಣುಕಿದ್ರೆ ನೀವಾದ್ರೂ ಇರ್ತಿದ್ರಾ? ಬೇರೆ ಕಡೆ ಏನು ಕಾರಣವೋ ಗೊತ್ತಿಲ್ಲ. ನಮ್ಮವು ಹೋಗಿದ್ದು ನಿಮ್ಮ ಕಾಟಕ್ಕೆ. ಹೋಗಿ, ಊರೆಲ್ಲ ಸುತ್ತಿ, ನಿಮ್ಮ ಕೈಲಿ ತೆಗೆಯೋಕಾಗದ ಬೀಗ ಒಂದನ್ನ ಹುಡುಕ್ಕೊಂಡಿವೆ."

ಅಳಿಯಂದ್ರೇ ಎಂಬುದರ ಸವಿಯಲ್ಲೇ ಮುಳುಗಿದ್ದ ಬೀಗದಣ್ಣನಿಗೆ ಉಳಿದದ್ದು ತಲೆಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬೀಗದ ಕಡೆ ನೋಡಿದ. ಸುತ್ತಲೂ ಬೆಸುಗೆ. ಮುಚ್ಚಳವಿಲ್ಲ. ಒಂದೇ ತೂತು.

"ಮಾವ," ಎಂದ, ಛಲ ಬಿಡದೆ. "ಏಣಿ ಹಾಕಿ, ಟಾರ್ಚ್ ಬಿಟ್ಟು, ಒಂದೇ ಒಂದ್ಸಲ ನೋಡ್ಲಾ? ರಾಣಿ ಒಳಗಿದೆಯೋ ಇಲ್ವೋ ಅಂತ..."

ಮಾವ ಕೈ ಚಾಚಿದರು. "ಅಂಗಡಿ ಕೀಲಿಕೈ ಕೊಡಿ."

"ಎಷ್ಟು ದಿನಕ್ಕೆ?"

"ಅವು ನೆಲೆ ನಿಲ್ಲೋವರೆಗೆ. ಕಾವಲಿಗೆ ನಾನಿರ್ತೀನಿ."

ಬೀಗದಣ್ಣ ಸೊಂಟದ ಗೊಂಚಲಿನಿಂದ ಕೀಲಿಕೈ ಬಿಚ್ಚಿಕೊಟ್ಟ. ಸಾಮಾನು ಅಂಗಡಿಯೊಳಗಿತ್ತು, ಟ್ರಂಕು ಅಂಗಡಿಯ ಹೊರಗಿತ್ತು. ಟ್ರಂಕು ಮತ್ತೆ ಹಾಡತೊಡಗಿತು.

ಕ್ಷೌರದಂಗಡಿಯ ಮುಂದಿನ ಬೆಂಚಿನ ಮೇಲೆ ಡಾಕ್ಟರಮ್ಮ ಆಗಲೇ ಕೂತಿದ್ದರು. ಹಾಲಿನ ಪ್ಯಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು.

"ಬನ್ನಿ ಬೀಗದಣ್ಣ. ಕೂತ್ಕೊಳ್ಳಿ. ಅಭ್ಯಾಸ ಆಗುತ್ತೆ."